ತೊಗರಿಬೇಳೆಯಷ್ಟು ಆರು ಬಿಲ್ಲೆಗಳು

ಅಂಗಡಿಯ ಮುಂದೆ ಯಾರಾದರೂ ಬೈಕಿನ ಹಾರ್ನು ಎರಡು ಸಲ ಬಾರಿಸಿದರೆ ಇವತ್ತಿಗೂ ನಾನು ತಲೆ ಎತ್ತಿ ನೋಡುತ್ತೇನೆ. ಎತ್ತಬೇಕಾದಾಗ ಎತ್ತಲಿಲ್ಲ. ಈಗ ಎತ್ತಿದರೆ ಹಾಲಿನವನೋ ಕೊರಿಯರಿನವನೋ ನಿಂತಿರುತ್ತಾನೆ. ನನ್ನ ಮುಖ ನೋಡಿ ಅವನೇ ಗಾಬರಿಯಾಗುತ್ತಾನೆ.

ಶಹಾಬಾದಿನಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಕಲ್ಲು ಕೊಯ್ಯುವ ಮಷೀನು, ಪಾಲಿಶ್ ಮಷೀನು, ಬಾವಿಯ ಪಂಪು, ಸುಟ್ಟುಕೊಂಡದ್ದೆಲ್ಲ ನನ್ನ ಬಾಗಿಲಿಗೆ ಬರುತ್ತದೆ. ಚಿತ್ತಾಪುರ, ಸೇಡಂ ಕಡೆಯಿಂದಲೂ ಟಂಟಂ ಗಾಡಿಯಲ್ಲಿ ಹೇರಿಕೊಂಡು ಬರುತ್ತಾರೆ. ಇಪ್ಪತ್ತೈದು ವರ್ಷ ತಾಮ್ರದ ತಂತಿ ಸುತ್ತಿದ್ದೇನೆ. ಕೈ ಒಳ್ಳೆಯದು, ಬಾಯಿ ಕೆಟ್ಟದ್ದು ಎಂದು ಊರಿನಲ್ಲಿ ಹೆಸರು. ಎರಡೂ ಖರೆ.

ಆ ಹಾರ್ನು ನನ್ನ ಗೆಳೆಯನದು. ಅವನು ಭಂಕೂರ ರಸ್ತೆಯ ಒಂದು ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಮಷೀನು ನಡೆಸುತ್ತಿದ್ದ. ಒಂದನೇ ಇಯತ್ತೆಯಿಂದ ನಾವು ಕೂಡಿ ಓದಿದವರು. ನನಗಿಂತ ಆರು ತಿಂಗಳು ಸಣ್ಣವನು. ದಿನವಿಡೀ ಬಿಳಿ ಧೂಳಿನಲ್ಲಿ ನಿಂತು, ಸಂಜೆ ಮುಖ ತೊಳೆದುಕೊಂಡು ನನ್ನ ಅಂಗಡಿಗೆ ಬರುತ್ತಿದ್ದ. ಬೈಕು ನಿಲ್ಲಿಸುವ ಮೊದಲು ಎರಡು ಸಲ ಹಾರ್ನು. ಚಹಾ ತರಿಸು ಎಂದು ಅದರ ಅರ್ಥ.

ಅವನಿಗೆ ಒಂದು ಹುಚ್ಚು ಇತ್ತು. ಹೈದರಾಬಾದಿನ ಗುಜರಿ ಬಜಾರಿನಿಂದ ಒಂದು ಆಟಿಗೆಯ ಟ್ಯಾಂಕು ತಂದಿದ್ದ. ಯುದ್ಧದ ಟ್ಯಾಂಕು, ಮೊಳದುದ್ದ, ರಿಮೋಟಿನಿಂದ ನಡೆಯುವಂಥದ್ದು. ಹಳೆಯ ಮಾಲು. ರಿಮೋಟಿಗೆ ಉದ್ದನೆಯ ಏರಿಯಲ್ಲು, ಟ್ಯಾಂಕಿನ ಬೆನ್ನಿಗೂ ಒಂದು ತಂತಿ. ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು, ತೋಪಿನ ತಲೆ ಎಡಕ್ಕೆ ಬಲಕ್ಕೆ ತಿರುಗುತ್ತಿತ್ತು. ರವಿವಾರ ಬಂತೆಂದರೆ ಕಾರ್ಖಾನೆಯ ಹಿಂದಿನ ಒಡಕು ಫರಸಿ ಕಲ್ಲುಗಳ ಗುಡ್ಡೆಯ ಮೇಲೆ ಅದನ್ನು ಹತ್ತಿಸುತ್ತಿದ್ದ. ಅರ್ಧ ಹತ್ತಿ ಕಟಕಟ ಎಂದು ನಿಂತುಬಿಡುತ್ತಿತ್ತು. ಒಳಗಿನ ಗಿಯರುಗಳು ಪ್ಲಾಸ್ಟಿಕ್ಕಿನವು, ಹಲ್ಲು ಮುರಿಯುತ್ತಿದ್ದವು. ಗಾಲಿಗಳ ಸುತ್ತಲಿನ ಚೈನೂ ಪ್ಲಾಸ್ಟಿಕ್ಕು, ಕಳಚಿ ಬೀಳುತ್ತಿತ್ತು. ಎರಡು ಮೋಟರಿನಲ್ಲಿ ಒಂದಕ್ಕೆ ತಾಕತ್ತು ಕಡಿಮೆ, ನೆಟ್ಟಗೆ ಬಿಟ್ಟರೂ ಎಡಕ್ಕೆ ಎಳೆಯುತ್ತಿತ್ತು. ನಲವತ್ತು ದಾಟಿದ ಗಂಡಸು ಕಲ್ಲಿನ ಗುಡ್ಡೆಯ ಮೇಲೆ ಮೊಣಕಾಲೂರಿ ಆಟಿಗೆಯನ್ನು ಬೈಯುವುದನ್ನು ನೋಡಿ ನಾನು ನಗುತ್ತಿದ್ದೆ. ನಗುತ್ತಲೇ ಬಿದ್ದ ಚೈನು ಹುಡುಕಿಕೊಡುತ್ತಿದ್ದೆ.

ಒಂದು ವರ್ಷ ಹಿಡಿದು ಅವನು ಒಂದೊಂದೇ ಸಾಮಾನು ತರಿಸಿಕೊಂಡ. ಉಕ್ಕಿನ ಗಿಯರು, ಲೋಹದ ಚೈನು, ಚೈನು ಎಳೆಯುವ ಹಲ್ಲಿನ ಗಾಲಿಗಳು, ಎರಡು ಹೊಸ ಮೋಟರು. ಲೋಹದ ಚೈನು ಹಾಕಿದರೆ ತೂಕ ಏರುತ್ತದೆ, ಹಳೆ ಮೋಟರು ಎಳೆಯುವುದಿಲ್ಲ. ಮೋಟರು ಬಲವಾದದ್ದು ಹಾಕಿದರೆ ಪ್ಲಾಸ್ಟಿಕ್ ಗಿಯರು ಪುಡಿಯಾಗುತ್ತದೆ. ಹಾಕಿದರೆ ಎಲ್ಲವನ್ನೂ ಒಮ್ಮೆಲೇ ಹಾಕಬೇಕು. ಆ ಎಲ್ಲ ಸಾಮಾನನ್ನು ಒಂದು ರಟ್ಟಿನ ಡಬ್ಬಿಯಲ್ಲಿ ತುಂಬಿ ನನ್ನ ಮೇಜಿನ ಮೇಲೆ ಇಟ್ಟು, "ನಿನ್ನ ಕೈಲೇ ಆಗಬೇಕು ಇದು" ಅಂದ. ನಾನು ನಾಳೆ ಮಾಡೋಣ ಅಂದೆ. ನಾಳೆ ನಾಳೆ ಎಂದು ಎರಡು ತಿಂಗಳು ಕಳೆಯಿತು.

ಕೊನೆಗೆ ಒಂದು ಸಂಜೆ ಡಬ್ಬಿ ಬಿಚ್ಚಿದೆ. ತಳದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಪಾಕೀಟು. ಅದರೊಳಗೆ ಕೇಸರಿ ಬಣ್ಣದ ಆರು ಬಿಲ್ಲೆಗಳು, ಒಂದೊಂದೂ ತೊಗರಿಬೇಳೆಯಷ್ಟು. ಸಣ್ಣ ಕಂಡೆನ್ಸರುಗಳು. ಪಾಕೀಟಿನ ಮೇಲೆ ಅವನ ಅಕ್ಷರದಲ್ಲಿ 'ಮೊದಲು ಇದು' ಎಂದು ಬರೆದಿತ್ತು.

"ಇದೇನಲೇ, ಬ್ಯಾಳಿ?" ಅಂದೆ.

"ಮೋಟರಿಗಿ ಹಚ್ಚೂದು. ಒಂದೊಂದಕ್ಕ ಮೂರು."

"ಹತ್ತು ಎಚ್‌ಪಿ ಮೋಟರ್ ಸುತ್ತೋ ಕೈಗಿ ಬ್ಯಾಳಿ ಹಚ್ಚು ಅಂತೀ? ಬ್ಯಾಳಿ ಇಲ್ಲಂದ್ರ ತಿರಗಂಗಿಲ್ಲೇನು ಅದು?"

"ಬ್ಯಾಳಿ ಇಲ್ಲದ ಸಾರು ಉಣತೀಯೇನು ನೀ?" ಎಂದು ನಕ್ಕ. ಆಮೇಲೆ, ಅಂಗಡಿಯಲ್ಲಿ ರಾವೂರಿನ ಇಬ್ಬರು ಗಿರಾಕಿಗಳು ಕುಳಿತಿದ್ದಾಗಲೇ, "ನಿನಗ ದೊಡ್ಡ ಮೋಟರ್ ಅಷ್ಟೇ ತಿಳೀತದ, ರೇಡಿಯೋ ತಿಳಿಯಂಗಿಲ್ಲ. ಬ್ರಶ್ಶಿನಾಗ ಕಿಡಿ ಹಾರ್ತದ ನೋಡು, ಅದು ರಿಸೀವರಿಗಿ ಹುಚ್ಚ ಹಿಡಸ್ತದ. ಬಿಲ್ಲಿ ಆ ಕಿಡಿ ನುಂಗ್ತದ. ಗೊತ್ತಿರಲಿಲ್ಲಂದ್ರ ಕೇಳಬೇಕು" ಅಂದ.

ಗಿರಾಕಿಗಳು ಮುಸಿಮುಸಿ ನಕ್ಕರು. ನನಗೆ ಉರಿ ನೆತ್ತಿಗೇರಿತು. ಡಬ್ಬಿ ಮುಚ್ಚಿ ಗೋಡೆಯ ಎತ್ತರದ ಫಳಿಯ ಮೇಲೆ ಎಸೆದು, "ಹೋಗು, ರೇಡಿಯೋ ಬಲ್ಲವನ ಕಡಿ ಮಾಡಿಸ್ಕೋ" ಅಂದೆ. ಅವನು ಡಬ್ಬಿ ಕೇಳಲಿಲ್ಲ. ನಾನೂ ಕೊಡಲಿಲ್ಲ. ಮರುದಿನದಿಂದ ದಿನಾ ಸಂಜೆ ಅಂಗಡಿಯ ಮುಂದೆ ಎರಡು ಸಲ ಹಾರ್ನು ಬಾರಿಸುತ್ತಿದ್ದ. ಒಂದು ಗಳಿಗೆ ನಿಲ್ಲುತ್ತಿದ್ದ. ನಾನು ತಂತಿ ಸುತ್ತುತ್ತಲೇ ಇರುತ್ತಿದ್ದೆ. ಬೈಕು ಮುಂದೆ ಹೋಗುತ್ತಿತ್ತು. ಇಪ್ಪತ್ತು ದಿನ ಹೀಗೆ ಆಯಿತು.

ಇಪ್ಪತ್ತೊಂದನೆಯ ದಿನ ಅವನು ತನ್ನ ಅವ್ವನನ್ನು ಕರೆದುಕೊಂಡು ನಾಲವಾರದ ಮಠಕ್ಕೆ ಹೋಗಿದ್ದ. ತಿರುಗಿ ಬರುವಾಗ ನಾಲವಾರ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತವನು ಹಾಗೇ ಗೋಡೆಗೆ ತಲೆ ಆನಿಸಿದ. ನಿದ್ದೆ ಹತ್ತಿದೆ ಎಂದು ಅವ್ವ ಸುಮ್ಮನಿದ್ದಳು. ಬಿಸಿಲು ಮುಖಕ್ಕೆ ಬಿತ್ತೆಂದು ಸೆರಗು ಅಡ್ಡ ಹಿಡಿದಳಂತೆ. ಗಾಡಿ ಬಂದಾಗ ಎಬ್ಬಿಸಿದಳು. ಅವನು ಏಳಲಿಲ್ಲ.

ಮಣ್ಣಿನ ದಿನ ನಾನು ಹೆಗಲು ಕೊಟ್ಟೆ. ಅಳಲಿಲ್ಲ. ಅವನ ಮೇಲೆ ಇನ್ನೂ ಸಿಟ್ಟಿತ್ತು. ಜಗಳ ಮುಗಿಸದೆ ಎದ್ದು ಹೋಗುವುದು ಯಾವ ನ್ಯಾಯ ಎಂದು ಒಳಗೊಳಗೇ ಬೈಯುತ್ತಿದ್ದೆ.

ತಿಂಗಳ ಮೇಲೆ ಅವನ ಅವ್ವ ಅಂಗಡಿಗೆ ಬಂದಳು. ಹೆಗಲಲ್ಲಿ ಕಾಯಿಪಲ್ಲೆಯ ಚೀಲ. ಚೀಲದಲ್ಲಿ ಟ್ಯಾಂಕು. ಮೇಜಿನ ಮೇಲೆ ಇಟ್ಟು, ಫಳಿಯ ಮೇಲಿನ ಡಬ್ಬಿ ನೋಡಿ, "ಅದರಾಗಿಂದು ಇದರಾಗ ಹಾಕಿ ಕೊಡಪಾ. ಅವ ಕೂಡಿಸಿಟ್ಟಿದ್ದು ಹಂಗೇ ಇರಬಾರದು" ಅಂದಳು. ನನ್ನ ಮತ್ತು ಅವನ ಜಗಳ ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಎರಡು ದಿನ ಅಂಗಡಿಯ ಬಾಗಿಲು ಅರ್ಧ ಹಾಕಿ ಅದೇ ಕೆಲಸ ಮಾಡಿದೆ. ಪ್ಲಾಸ್ಟಿಕ್ ಗಿಯರು ತೆಗೆದರೆ ಒಳಗೆ ಹಳೆ ಗ್ರೀಸಿನಲ್ಲಿ ಕಲ್ಲಿನ ಪುಡಿ ಸೇರಿ ಗಟ್ಟಿಯಾಗಿತ್ತು. ಅವನ ಉಗುರಿನ ಸಂದಿಯಲ್ಲಿ ಇರುತ್ತಿದ್ದ ಅದೇ ಪುಡಿ. ಸೀಮೆಎಣ್ಣೆಯಲ್ಲಿ ತೊಳೆದೆ. ಉಕ್ಕಿನ ಗಿಯರುಗಳ ನಡುವೆ ಎಷ್ಟು ಸಂದು ಬಿಡಬೇಕು ಎಂಬುದಕ್ಕೆ ಒಂದು ಉಪಾಯ ಉಂಟು. ತೆಳ್ಳನೆ ಕಾಗದದ ಚೂರು ನಡುವೆ ಸಿಗಿಸಿ ಮೋಟರು ಬಿಗಿಯಬೇಕು, ಆಮೇಲೆ ಗಾಲಿ ತಿರುಗಿಸಿ ಕಾಗದ ತೆಗೆಯಬೇಕು. ನಾನು ಹಳೆಯ ಬಸ್ ಟಿಕೀಟು ಹರಿದು ಹಾಕಿದೆ. ಮೋಟರು ಕೂತವು, ಗಾಲಿ ಕೂತವು. ಒಂದೊಂದೇ ಕೊಂಡಿ ಎಣಿಸಿ, ಎರಡೂ ಬದಿಗೆ ಸಮನಾಗಿ ಚೈನು ಏರಿಸಿದೆ. ನನ್ನ ಕೈಕೆಲಸಕ್ಕೆ ನಾನೇ ತಲೆದೂಗಿದೆ.

ಆ ಪಾಕೀಟು ಮಾತ್ರ ಉಳಿಯಿತು. 'ಮೊದಲು ಇದು.' ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತೆ. ಹಚ್ಚಿದರೆ ಅರ್ಧ ಗಂಟೆಯ ಕೆಲಸ. ಆದರೆ ಹಚ್ಚಿದರೆ ಅವನ ಮಾತು ಗೆದ್ದ ಹಾಗಲ್ಲವೆ? ಸತ್ತ ಮಾತ್ರಕ್ಕೆ ಅವನದು ಖರೆ ಆಗುತ್ತದೇನು? ಈಗ ಬರೆಯಲು ನಾಚಿಕೆಯಾಗುತ್ತದೆ. ಆಗ ಹಾಗೇ ಅನಿಸಿತು. ಪಾಕೀಟನ್ನು ಮೇಜಿನ ಡ್ರಾಗೆ ಹಾಕಿ ಮುಚ್ಚಿದೆ. ಬಿಲ್ಲೆ ಇಲ್ಲದೆಯೇ ಟ್ಯಾಂಕು ಅಂಗಡಿಯ ನೆಲದ ಮೇಲೆ ನೆಟ್ಟಗೆ ಓಡಿತು, ಸುಟ್ಟ ಮೋಟರುಗಳ ರಾಶಿ ಹತ್ತಿ ಇಳಿಯಿತು. ನೋಡಿದೆಯಾ ಎಂದು ಯಾರಿಗೋ ಹೇಳಲು ತಿರುಗಿದೆ. ಯಾರೂ ಇರಲಿಲ್ಲ.

ಅದನ್ನು ಅವರ ಮನೆಗೆ ಕೊಟ್ಟು ಬಂದೆ. ಬ್ಯಾಟರಿ ಚಾರ್ಜು ಮಾಡುವುದು ಹೇಗೆ, ಹೊಟ್ಟೆಯ ಕೆಳಗಿನ ಸ್ವಿಚ್ಚು ಎಲ್ಲಿದೆ ಎಂದು ಅವ್ವನಿಗೂ ಅವನ ಹೆಂಡತಿಗೂ ತೋರಿಸಿದೆ. ಅವನ ಹೆಂಡತಿ ರಾವೂರಿನ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಾಳೆ, ತವರು ಚಿಂಚೋಳಿ ಕಡೆ. ಮಾತು ಕಡಿಮೆ. ರಿಮೋಟನ್ನು ಅವಳು ಕೈಯಲ್ಲೂ ಹಿಡಿಯಲಿಲ್ಲ. ಅವನ ಬೆರಳಿನ ಬೆವರಿಗೆ ಅದರ ಗುಂಡಿಗಳ ಬಣ್ಣ ಹೋಗಿತ್ತು. ಅದನ್ನು ಅಲಮಾರಿಯಲ್ಲಿಟ್ಟು ಬೀಗ ಹಾಕಿದಳು.

ಶ್ರಾವಣ ಮುಗಿಯುವ ಹೊತ್ತಿಗೆ ಅವಳು ಶಾಲೆಯಿಂದ ಬರುವ ದಾರಿಯಲ್ಲಿ ಅಂಗಡಿಯ ಮುಂದೆ ನಿಂತಳು.

"ಅಣ್ಣಾರ, ಒಂದ್ ಮಾತ ಹೇಳ್ತೀನಿ, ನಗಬ್ಯಾಡ್ರಿ. ಅದು ನಡೀಲಿಕತ್ತದ."

"ಯಾವುದು?"

"ಟ್ಯಾಂಕು. ರಿಮೋಟ್ ಅಲಮಾರಿದಾಗದ, ಕೀಲಿ ನನ್ನ ಕೊರಳಾಗದ. ಅತ್ತಿ ಮುಂಜಾನಿ ಪೂಜಾ ಆದಮ್ಯಾಲ ಅದರ ಸ್ವಿಚ್ ಹಾಕಿ ದೇವರ ಜಗಲಿ ಮುಂದ ಇಡ್ತಾರ, ದೀಪ ಹಚ್ಚಿದಂಗ. ಆಮ್ಯಾಲ ಶೇಂಗಾ ಹಿಂಡಿ ಮಾಡ್ಲಿಕ್ಕ ಹೋದ್ರಂದ್ರ ತಾನೇ ಅಡಗಿಮನಿ ಕಡಿ ಹೊಂಟ್ ಬರ್ತದಂತ. ಅವ ಬರ್ಲಿಕತ್ತಾನ, ಹಿಂಡಿ ವಾಸನಿಗಿ ಬರ್ಲಿಕತ್ತಾನ ಅಂತಾರ. ದಿನಾ ಹಿಂಡಿ ಮಾಡ್ತಾರರಿ. ಓಣಿ ತುಂಬ ಹಂಚ್ಲಿಕತ್ತಾರ."

ಶೇಂಗಾ ಹಿಂಡಿ, ಅದೇ ಶೇಂಗಾ ಚಟ್ನಿಪುಡಿ, ಎಂದರೆ ಅವನ ಜೀವ. ರೊಟ್ಟಿ ಇಲ್ಲದಿದ್ದರೂ ಮುಷ್ಟಿಯಲ್ಲಿ ಹಿಂಡಿ ತುಂಬಿಕೊಂಡು ಮುಕ್ಕುತ್ತ ನನ್ನ ಅಂಗಡಿಗೆ ಬರುತ್ತಿದ್ದ. ನಾನು ನಗಲಿಲ್ಲ. ಮರುದಿನ ಹತ್ತು ಗಂಟೆಗೆ ಅವರ ಮನೆಗೆ ಹೋದೆ. ಅವಳೂ ಶಾಲೆಗೆ ರಜೆ ಹಾಕಿ ಕಾಯುತ್ತಿದ್ದಳು.

ಹಗಲು ಹೊತ್ತು. ಬಾಗಿಲಿನಿಂದ ಬಿಸಿಲು ನಡುಮನೆಯ ಫರಸಿಯ ಮೇಲೆ ಬಿದ್ದಿತ್ತು. ಕಪ್ಪು ಫರಸಿಯ ಮೇಲೆ ಜಗಲಿಯಿಂದ ಅಡುಗೆಮನೆಯ ಹೊಸ್ತಿಲಿನವರೆಗೆ ಎರಡು ಬಿಳಿ ಗೆರೆಗಳು. ಲೋಹದ ಚೈನು ಕೊರೆದದ್ದು. "ಒರಸಿದಾಗ ಹೋಗ್ತಾವರಿ. ನೀರು ಆರಿದ ಕೂಡ್ಲೇ ಮತ್ತ ಕಾಣ್ತಾವ" ಎಂದು ಅವಳು ಮೆಲ್ಲಗೆ ಹೇಳಿದಳು. ಅವ್ವ ನನ್ನನ್ನು ಕುಂದ್ರಿಸಿ, "ಇವತ್ತ ನಿನ್ನ ನೋಡಿ ಓಡಿ ಬರ್ತಾನ ನೋಡು" ಎಂದು ಒಳಗೆ ಹೋದಳು. ಹುರಿದ ಶೇಂಗಾ, ಬಳ್ಳೊಳ್ಳಿ, ಒಣ ಖಾರದ ವಾಸನೆ ಬಂತು. ಆಮೇಲೆ ಮಿಕ್ಸಿಯ ಸದ್ದು.

ಟ್ಯಾಂಕು ಒಮ್ಮೆ ಮೈ ಕೊಡವಿಕೊಂಡಿತು. ತೋಪಿನ ತಲೆ ನಿಧಾನವಾಗಿ ತಿರುಗಿತು. ತಿರುಗಿ ನನ್ನ ಎದೆಯ ನೇರಕ್ಕೆ ನಿಂತಿತು. ನಾನು ಹೆದರಿದೆ. ಇದನ್ನು ಬಿಚ್ಚಿ ತೊಳೆದು ಕೂಡಿಸಿದ್ದು ನನ್ನದೇ ಕೈ, ಒಳಗೆ ಏನಿದೆ ಏನಿಲ್ಲ ಎಲ್ಲ ಗೊತ್ತು. ಆದರೂ ಕಾಲು ಹಿಂದಕ್ಕೆ ಎಳೆದುಕೊಂಡೆ. ಅದು ಹೊರಟಿತು. ಗಡಗಡ ಎಂದು ಫರಸಿಯ ಮೇಲೆ ಎರಡು ಮಾರು ನಡೆದು ಹೊಸ್ತಿಲಿಗೆ ತಾಗಿ ನಿಂತಿತು. ಒಳಗೆ ಮಿಕ್ಸಿ ಆಗಲೇ ನಿಂತಿತ್ತು. ಇದು ಅದಾದ ಮೇಲೂ ನಾಲ್ಕು ಹೆಜ್ಜೆ ನಡೆದಿತ್ತು.

ಆಗ ನನಗೆ ತಿಳಿಯಿತು. ಮಿಕ್ಸಿಯ ಮೋಟರಿನಲ್ಲೂ ಬ್ರಶ್ಶು ಇರುತ್ತದೆ, ಅದರಲ್ಲೂ ಕಿಡಿ ಹಾರುತ್ತದೆ. ರಿಮೋಟಿನ ದನಿ ಇಲ್ಲದಾಗ ಹಳೆಯ ರಿಸೀವರು ಸಿಕ್ಕವರ ಮಾತಿಗೆಲ್ಲ ಕಿವಿ ಕೊಡುತ್ತದೆ. ಮಿಕ್ಸಿಯ ಕಿಡಿ ಅದನ್ನು ಒಮ್ಮೆ ತಿವಿಯುತ್ತಿತ್ತು. ಹಳೆಯ ಬಡ ಮೋಟರು ಆಗಿದ್ದರೆ ಅಲ್ಲಾಡುತ್ತಿರಲಿಲ್ಲ. ಈ ಹೊಸ ಮೋಟರು ತಿರುಗಿದ ಕೂಡಲೇ ಅದರದೇ ಕಿಡಿ ರಿಸೀವರಿಗೆ ಹುಚ್ಚು ಹಿಡಿಸುತ್ತಿತ್ತು. ಅವನು ಹೇಳಿದ್ದು ಅಕ್ಷರಕ್ಕೆ ಅಕ್ಷರ ಹಾಗೇ. ಆರು ಬಿಲ್ಲೆ ಹಚ್ಚಿದ್ದರೆ ಒಂದು ಸಣ್ಣ ನಡುಕ ಬಂದು ನಿಂತುಬಿಡುತ್ತಿತ್ತು.

ಅವ್ವ ಹೊಸ್ತಿಲಲ್ಲಿ ಕುಳಿತು, ಹಿಂಡಿಯ ಬಟ್ಟಲನ್ನು ತೋಪಿನ ಮುಂದೆ ಇಟ್ಟು, "ಬಂದೀಯೇನಪಾ" ಅಂದಳು.

ನಾನು ಎದ್ದು ಹೊರಗೆ ಬಂದೆ. ಅವನ ಹೆಂಡತಿ ಹಿಂದೆಯೇ ಬಂದಳು. ಅಂಗಳದ ಬೇವಿನ ಗಿಡದ ಕೆಳಗೆ ನಿಂತು ಅವಳು ಕೇಳಿದ್ದು ನಾನು ಎಣಿಸದ ಮಾತು.

"ಅಣ್ಣಾರ, ನಾನೂ ಕರದೀನಿ. ಸಂಜೀಕ ಸಾಲಿಯಿಂದ ಬಂದು ಅದರ ಮುಂದ ಕುಂತು ಕರೀತೀನಿ. ಏನೇನೋ ಹೇಳೀನಿ. ಒಮ್ಮಿನೂ ಅಲ್ಲಾಡಿಲ್ಲರಿ. ಹಿಂಡಿಗಿ ಬರ್ತಾರ, ನನ್ನ ದನಿಗಿ ಬರಂಗಿಲ್ಲ. ನಾ ಏನ್ ತಪ್ಪ ಮಾಡೀನ್ರಿ?"

ಸುಮ್ಮನಿದ್ದರೆ ಈ ಹೆಣ್ಣುಮಗಳು ಉಳಿದ ಜನ್ಮವೆಲ್ಲ ಅದೊಂದನ್ನೇ ಕೇಳಿಕೊಳ್ಳುತ್ತ ಕೂಡುತ್ತಾಳೆ. ಹೇಳಿದೆ. ಮಿಕ್ಸಿ, ಕಿಡಿ, ಬಿಲ್ಲೆ, ಜಗಳ, ಎತ್ತದ ತಲೆ, ಎಲ್ಲ ಹೇಳಿದೆ. "ಅವನು ಅಲ್ಲ ತಂಗಿ. ನನ್ನ ಸೊಕ್ಕು ಅದು, ಹಂಗ ನಡೀಲಿಕತ್ತದ" ಅಂದೆ.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಆಮೇಲೆ ಸೆರಗು ಸರಿಸಿ, "ಹಂಗಾದ್ರ ಸರಿ ಮಾಡ್ರಿ ಅದನ್ನ. ನನಗ ನೋಡ್ಲಿಕ್ಕ ಆಗವಲ್ದು" ಅಂದಳು.

ಚೈನು ಸಡಿಲಾಗಿದೆ ಎಂದು ಅವ್ವನಿಗೆ ಸುಳ್ಳು ಹೇಳಿ ಟ್ಯಾಂಕನ್ನು ಅಂಗಡಿಗೆ ತಂದೆ. ಡ್ರಾ ತೆಗೆದು ಪಾಕೀಟು ಬಿಚ್ಚಿದೆ. ಒಂದೊಂದು ಮೋಟರಿಗೆ ಮೂರು ಬಿಲ್ಲೆ. ಇಷ್ಟು ಚೊಕ್ಕ ಬೆಸುಗೆ ನಾನು ಜೀವಮಾನದಲ್ಲಿ ಹಚ್ಚಿರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದೆ, ಎಲ್ಲಿಯೂ ಕಿಡಿಯ ಸುಳಿವಿಲ್ಲ. ಅಂದೇ ಸಂಜೆ ಕೊಟ್ಟು ಬಂದೆ.

ಮರುದಿನ ಹತ್ತು ಗಂಟೆಗೆ ನನಗೆ ಅಂಗಡಿಯಲ್ಲಿ ಇರಲಾಗಲಿಲ್ಲ. ಹೋದೆ. ಮಿಕ್ಸಿ ತಿರುಗಿತು. ಟ್ಯಾಂಕು ಒಮ್ಮೆ ಸಣ್ಣಗೆ ನಡುಗಿ ಸುಮ್ಮನಾಯಿತು. ಅವ್ವ ಮಿಕ್ಸಿ ನಿಲ್ಲಿಸಿ ಹೊಸ್ತಿಲಿಗೆ ಬಂದು ನೋಡಿದಳು. ಮತ್ತೆ ಒಳಗೆ ಹೋಗಿ ಇನ್ನೊಮ್ಮೆ ಅರೆದಳು. ಮತ್ತೆ ಬಂದು ನೋಡಿದಳು. ಅವಳ ಕೈತುಂಬ ಕೆಂಪು ಹಿಂಡಿ ಮೆತ್ತಿತ್ತು. ಬಟ್ಟಲಿನಿಂದ ಒಂದು ಚಿಟಿಕೆ ತೆಗೆದು ನನ್ನ ಅಂಗೈಗೆ ಹಾಕಿದಳು.

"ನೋಡಪಾ ಸ್ವಲ್ಪ. ಇವತ್ತ ಉಪ್ಪು ಹೆಚ್ಚಾಗೇದೇನು?"

ಉಪ್ಪು ಸರಿಯಾಗಿಯೇ ಇತ್ತು. ನಾನು ಸರಿ ಇದೆ ಎಂದರೆ ಅವನು ಯಾಕೆ ಬರಲಿಲ್ಲ ಎಂದು ಕೇಳುತ್ತಾಳೆ. "ಹೌದವ್ವಾ, ಚೂರು ಹೆಚ್ಚಾಗೇದ" ಅಂದೆ. ಅವಳ ಮುಖ ಒಂದಿಷ್ಟು ಹಗುರಾಯಿತು. "ಅದಕ್ಕ ಮತ್ತ" ಎಂದು ಒಳಗೆ ಹೋದಳು.

ನಾಲ್ಕನೆಯ ದಿನ ಅವನ ಹೆಂಡತಿ ಅಂಗಡಿಗೆ ಬಂದಳು. ಒಂದು ಕೈಯಲ್ಲಿ ಅದೇ ಕಾಯಿಪಲ್ಲೆಯ ಚೀಲ, ಇನ್ನೊಂದರಲ್ಲಿ ಸ್ಟೀಲಿನ ಡಬ್ಬಿ. ಮುಚ್ಚಳ ತೆಗೆದರೆ ಮೂರು ತರಹದ ಹಿಂಡಿ.

"ಇದು ಉಪ್ಪು ಕಡಿಮಿ ಹಾಕಿದ್ದು. ಇದು ಬಳ್ಳೊಳ್ಳಿ ಹೆಚ್ಚು. ಇದು ಖಾರ ಇಲ್ಲದ್ದು. ಯಾವುದು ಮೊದಲಿನಂಗ ಆಗೇದ ಕೇಳಿ ಬಾ ಅಂತ ಕಳಿಸ್ಯಾರ. ನನ್ನ ಕೈರುಚಿ ಹೋಯ್ತು, ಅದಕ್ಕ ನನ್ನ ಮಗ ಬರವಲ್ಲ ಅಂತ ಎರಡು ದಿನ ಆತು ಉಂಡಿಲ್ಲ." ಅವಳು ಚೀಲದಿಂದ ಟ್ಯಾಂಕು ತೆಗೆದು ಮೇಜಿನ ಮೇಲೆ ಇಟ್ಟಳು. "ತೆಗೀರಿ ಅಣ್ಣಾರ ಅವು ಬಿಲ್ಲಿ."

ನಾನು ಮೋಟರು ಬಿಚ್ಚಿ, ಕಟ್ಟರು ಹಿಡಿದು, ಒಂದೊಂದೇ ಬಿಲ್ಲೆಯ ಕಾಲು ಕತ್ತರಿಸಿದೆ. ಹಚ್ಚಬೇಕಾದಾಗ ಸೊಕ್ಕಿನಿಂದ ಹಚ್ಚಲಿಲ್ಲ. ಹಚ್ಚಿ ಸರಿಮಾಡಿದ್ದನ್ನು ಈಗ ಕೈಯಾರೆ ಕೆಡಿಸುತ್ತಿದ್ದೆ. ತಿಳಿದೂ ತಿಳಿದೂ ಕೆಡಿಸಿದ ಕೆಲಸ ನನ್ನ ಕಸುಬಿನಲ್ಲಿ ಇದೊಂದೇ. ಆರನೆಯದು ಕತ್ತರಿಸುವಾಗ ಬಾಯಿ ತಾನೇ ಆಡಿತು.

"ನೀ ಹೇಳಿದ್ದು ಖರೆ ಇತ್ತಲೇ. ಬ್ಯಾಳಿ ಬೇಕಿತ್ತು."

ಅವಳು ರಸ್ತೆಯ ಕಡೆ ಮುಖ ತಿರುಗಿಸಿ ನಿಂತಳು. ನನ್ನ ಕಣ್ಣಿನಲ್ಲಿ ನೀರು ಬಂತು. ಹೆಗಲು ಕೊಟ್ಟ ದಿನ ಬಾರದ್ದು ಅಂದು ಬಂತು, ಅಂಗಡಿಯ ಮುಂದೆ ಜನ ಓಡಾಡುತ್ತಿದ್ದಾಗಲೇ.

ಟ್ಯಾಂಕನ್ನು ಚೀಲಕ್ಕೆ ಹಾಕಿಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು.

"ಐತವಾರ ನನಗ ಸಾಲಿ ಇರಂಗಿಲ್ಲರಿ. ಅವತ್ತ ಅತ್ತಿಗಿ ಹೊರಗ ಕುಂದ್ರಿಸಿ ಹಿಂಡಿ ನಾನೇ ಅರೀತೀನಿ."

"ಅದು ಮಿಕ್ಸಿಯಿಂದ ಅಂತ ಗೊತ್ತದಲ್ಲ ತಂಗಿ ನಿನಗ?"

"ಗೊತ್ತದರಿ" ಅಂದಳು. "ಗೊತ್ತಿದ್ರ ಏನಾತು?"

ರವಿವಾರ ನಾನು ಅಂಗಡಿಯಲ್ಲೇ ಇದ್ದೆ. ಕೆಲಸ ಇರಲಿಲ್ಲ. ಸುಮ್ಮನೆ ಕಲ್ಲು ಕೊಯ್ಯುವ ಮಷೀನಿನ ಒಂದು ಮೋಟರು ಬಿಚ್ಚಿ ಕೂತಿದ್ದೆ. ಹತ್ತೂವರೆಗೆ ಫೋನು ಬಂತು. ಆ ಕಡೆ ಅವನ ಹೆಂಡತಿ.

"ಬಂದಿದ್ರರಿ ಅಣ್ಣಾರ" ಅಂದಳು.

ಮೆಕ್ಯಾನಿಕ್ಕಿನ ಬಾಯಿಗೆ ಬರುವ ಮಾತೇ ಬಂತು. "ಎಲ್ಲಿತನಕ?" ಎಂದು ಕೇಳಿದೆ.

"ನನ್ನ ಕಾಲತನಕ" ಅಂದಳು.